ಬೈಯಲು ಹೋದವಳು

ಮಾರ್ಚ್ 3, 1967, ಶುಕ್ರವಾರ

ಕೂದಲು ಕತ್ತರಿಸಿಕೊಂಡಳು ಎಂಬ ಒಂದೇ ಕಾರಣಕ್ಕೆ ಸಾರೆಲ್ ಹಳ್ಳದ ಕ್ರೈಸ್ತ ಸಭೆ ನನ್ನ ಅಮ್ಮನನ್ನು ಹೊರಗೆ ಹಾಕಿತು. ಇದು ಅನ್ಯಾಯ. ಇದನ್ನು ಅನ್ಯಾಯ ಎಂದು ಕರೆಯುವವರು ಈ ಕಣಿವೆಯಲ್ಲಿ ಇದುವರೆಗೆ ಒಬ್ಬರೂ ಸಿಗಲಿಲ್ಲ. ಆದ್ದರಿಂದ ನಾನೇ ಕರೆಯುತ್ತೇನೆ.

ಅಪ್ಪ ಗಣಿಯ ಚಾವಣಿ ಕುಸಿದು ಸತ್ತ ವರ್ಷ ಅಮ್ಮ ಬಸ್ಸು ಹತ್ತಿ ಪೇಟೆಗೆ ಹೋದಳು. ಸಂಜೆ ಬಂದಾಗ ಸೊಂಟದ ಕೆಳಗಿಳಿಯುತ್ತಿದ್ದ ಕೂದಲು ಕಿವಿಯವರೆಗೆ ಬಂದಿತ್ತು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಹೆಂಗಸರು ಕೂದಲಿಗೆ ಕತ್ತರಿ ತಾಗಿಸಬಾರದು ಎಂಬುದು ಸಭೆಯ ನಿಯಮ. ತಿಂಗಳ ಶನಿವಾರದ ಸಭೆಯಲ್ಲಿ ಡೆಲ್ಫಾ ಎಂಬ ಹೆಂಗಸು ಎದ್ದು ನಿಂತು ದೂರು ಕೊಟ್ಟಳು. ತಪ್ಪಾಯಿತು ಅನ್ನು, ಸಾಕು ಎಂದರು. ಅಮ್ಮ ಅನ್ನಲಿಲ್ಲ. ಎಲ್ಲರೂ ಕೈ ಎತ್ತಿ ಅವಳನ್ನು ಹೊರಗೆ ಹಾಕಿದರು. ನನಗೆ ಏಳು ವರ್ಷವಾದಾಗ ಅಮ್ಮ ನ್ಯುಮೋನಿಯಾದಿಂದ ತೀರಿಕೊಂಡಳು. ಅವಳ ಬೋಧನೆಯೂ ಆಗಲಿಲ್ಲ. ಇಲ್ಲಿ ಸತ್ತವರ ಹೆಸರಿನಲ್ಲಿ ಒಂದು ಬೇಸಿಗೆಯಲ್ಲಿ ಜನ ಸೇರಿ, ಸಮಾಧಿಯ ಪಕ್ಕದಲ್ಲಿ ಹಾಡಿ, ಬೋಧಿಸಿ, ಉಂಡು ಹೋಗುತ್ತಾರೆ. ಕಳ್ಳಭಟ್ಟಿ ಕಾಯಿಸಿದವರಿಗೂ ಆಗಿದೆ. ಅಮ್ಮನಿಗೆ ಮಾತ್ರ ಇಲ್ಲ.

ಆಮೇಲೆ ನಾನು ಬೆಳೆದದ್ದು ಬರ್ಲ್ ಚಿಕ್ಕಪ್ಪನ ಜೊತೆ. ಅವನು ಗಣಿಯಲ್ಲಿ ರಾತ್ರಿ ಕಾವಲು. ಹಗಲೆಲ್ಲ ಮಲಗುತ್ತಾನೆ. ಹಾಗಾಗಿ ಹಗಲೆಲ್ಲ ನಾನು ಸದ್ದು ಮಾಡುವಂತಿರಲಿಲ್ಲ. ಬರಿಗಾಲಲ್ಲಿ ನಡೆಯಬೇಕು, ತಟ್ಟೆಯನ್ನು ಬಟ್ಟೆಯ ಮೇಲೆ ಇಡಬೇಕು, ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಬೇಕು. ಗಾಳಿ ನುಗ್ಗದಿರಲೆಂದು ಗೋಡೆಗೆ ಅಂಟಿಸಿದ್ದ ಹಳೆಯ ಪತ್ರಿಕೆಗಳಿಂದ ಓದು ಕಲಿತೆ. ಗೋಡೆ ಮುಗಿದ ಮೇಲೆ ಅಂಚೆ ಕಚೇರಿಯಲ್ಲಿ ಪುಕ್ಕಟೆ ಸಿಗುವ ಕರಪತ್ರಗಳನ್ನು ತಂದೆ. ಕಾರ್ಮಿಕರ ಹಕ್ಕು, ಕುಡಿತದ ಕೇಡು, ನರಕದ ವರ್ಣನೆ, ಹಲ್ಲುಜ್ಜುವ ಕ್ರಮ, ಒಂದನ್ನೂ ಬಿಡದೆ ಓದಿದ್ದೇನೆ. ಈಗ ನನ್ನದೇ ಒಂದನ್ನು ಬರೆದಿದ್ದೇನೆ. ಹೆಸರು: ಸಾರೆಲ್ ಹಳ್ಳದ ಸಭೆಗೆ ಲೋವೀನಾಳ ಮಗಳ ಪ್ರಶ್ನೆಗಳು.

ಸಭೆ ಸೇರುವುದು ತಿಂಗಳಿಗೊಮ್ಮೆ, ಎರಡನೆಯ ಶನಿವಾರ ಮತ್ತು ಭಾನುವಾರ. ಈ ತಿಂಗಳ ಭಾನುವಾರ ಎಲ್ಲರ ಎದುರಿಗೆ ಅದನ್ನು ಸಭೆಯ ಹಿರಿಯ ಹಾರ್ಲೆಸ್‌ನ ಕೈಯಲ್ಲಿ ಇಡುತ್ತೇನೆ. ಅಮ್ಮನನ್ನು ಮರಳಿ ಸೇರಿಸಿಕೊಳ್ಳಬೇಕು. ಇಲ್ಲವಾದರೆ ನಾಚಿಕೆಯಿಂದ ಬಾಗಿಲು ಮುಚ್ಚಬೇಕು.

ಮಾರ್ಚ್ 12, ಭಾನುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಾನು ಹೆಂಗಸರ ಕಡೆ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಒಬ್ಬರಾದ ಮೇಲೆ ಒಬ್ಬರು ಬೋಧಿಸಿದರು. ಯಾರ ಕೈಯಲ್ಲೂ ಚೀಟಿಯಿಲ್ಲ, ಸಂಬಳವಿಲ್ಲ. ಒಬ್ಬ ಮರ ಕೊಯ್ಯುವವನು, ಇನ್ನೊಬ್ಬ ಶಾಲೆಯ ಬಸ್ಸಿನ ಚಾಲಕ. ಮಾತು ಬಿಸಿಯಾಗುತ್ತ ಹಾಡಿನಂತಾಗುತ್ತಿತ್ತು. ನಾನು ಕಿವಿಗೊಡಲಿಲ್ಲ. ನನ್ನ ಕಾಗದವನ್ನೇ ಮನಸ್ಸಿನಲ್ಲಿ ಓದುತ್ತಿದ್ದೆ.

ಕೊನೆಗೆ ಹಾರ್ಲೆಸ್ ಎದ್ದು ಸಭೆಯ ಬಾಗಿಲು ತೆರೆದಿದೆ ಎಂದ. ಬಾಗಿಲು ಮೊದಲಿಂದಲೂ ತೆರೆದೇ ಇತ್ತು. ಒಬ್ಬ ಮುದುಕ ಹಾಡಿನ ಒಂದು ಸಾಲು ಹೇಳಿದ, ಉಳಿದವರು ಅದನ್ನೇ ಎಳೆದು ಎಳೆದು ಹಾಡಿದರು. ಎಲ್ಲರೂ ಎದ್ದು ಅತ್ತಿತ್ತ ನಡೆದು ಕೈಕುಲುಕತೊಡಗಿದರು. ಇದೇ ಸಮಯ ಎಂದು ನಾನು ಕಾಗದ ಹಿಡಿದ ಕೈಯನ್ನು ಮುಂದೆ ಚಾಚಿಕೊಂಡು ನೇರ ಪೀಠದ ಕಡೆಗೆ ನಡೆದೆ.

ಆ ಹಾಡಿನ ಹೊತ್ತಿನಲ್ಲಿ ಕೈ ಚಾಚಿ ಮುಂದೆ ನಡೆದುಬಂದವರು ಸಭೆಗೆ ಸೇರಲು ಬಂದವರು. ಇದು ಈ ಹಳ್ಳದ ಕೂಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಕರಪತ್ರದಲ್ಲಿ ಬರೆದಿರಲಿಲ್ಲ.

ಹಾರ್ಲೆಸ್ ಕಾಗದ ನೋಡಲೇ ಇಲ್ಲ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಕಾಗದ ಒಳಗೇ ಮುದ್ದೆಯಾಯಿತು.

"ತಂಗೀ, ಕರ್ತನಲ್ಲಿ ಏನಾದ್ರೂ ಭರವಸೆ ಸಿಕ್ತಾ ನಿಂಗೆ? ಹೇಳು."

ನಾನು ಕಂಠಪಾಠ ಮಾಡಿದ್ದ ಮೊದಲ ಸಾಲು ಹೇಳಲು ಬಾಯಿ ತೆರೆದೆ. "ನನ್ನ ಅಮ್ಮ" ಎಂದಷ್ಟೇ ಬಂತು. ಆಮೇಲೆ ಸಿಟ್ಟಿಗೆ ಅಳು ಬಂತು. ಸಿಟ್ಟಿಗೇ ಬಂದದ್ದು, ಬೇರೆ ಯಾವುದಕ್ಕೂ ಅಲ್ಲ.

ಅಷ್ಟು ಸಾಕಾಯಿತು. ಹೆಂಗಸರು ಕೂಗಿಕೊಂಡರು. ಒಬ್ಬಳು ಚಪ್ಪಾಳೆ ತಟ್ಟುತ್ತ ಬೆಂಚುಗಳ ನಡುವೆ ಓಡಿದಳು. "ಲೋವೀನಾ ಮಗಳು ಬಂದ್ಲು! ಲೋವೀನಾ ಮಗಳು!" ಹಾರ್ಲೆಸ್ ಸಭೆಯನ್ನು ಕೇಳಿದ, ಎಲ್ಲರೂ ಒಪ್ಪಿದರು. ದೀಕ್ಷಾಸ್ನಾನಕ್ಕೆ ನನ್ನನ್ನು ಸ್ವೀಕರಿಸಿಬಿಟ್ಟರು. ಆಮೇಲೆ ಸಾಲಾಗಿ ಬಂದು ಅಪ್ಪಿಕೊಂಡರು. ಅಪರಿಚಿತರು. ಅವರಿಂದ ಹಂದಿಕೊಬ್ಬಿನ, ಸಾಬೂನಿನ, ಕಲ್ಲಿದ್ದಲ ಹೊಗೆಯ ವಾಸನೆ ಬರುತ್ತಿತ್ತು. ಒಬ್ಬಳಂತೂ ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದು ಬಿಡಲೇ ಇಲ್ಲ.

ನಾನೂ ಬಿಡಿಸಿಕೊಳ್ಳಲಿಲ್ಲ. ಯಾಕೆ ಬಿಡಿಸಿಕೊಳ್ಳಲಿಲ್ಲ?

ಮಾರ್ಚ್ 13

ನಾನು ಕ್ರೈಸ್ತಳಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ.

ಮಾರ್ಚ್ 16, ಗುರುವಾರ

ಹಾರ್ಲೆಸ್ ಬಂದಿದ್ದ. ಚಿಕ್ಕಪ್ಪ ಒಳಗೆ ಗೊರಕೆ ಹೊಡೆಯುತ್ತಿದ್ದ, ಹಾಗಾಗಿ ಜಗಲಿಯಲ್ಲೇ ಪಿಸುಮಾತು.

"ಏಪ್ರಿಲ್ ಭಾನುವಾರ ಹಳ್ಳಕ್ಕೆ ಇಳಿಸೋಣ ಅಂತ. ನೀರು ತಣ್ಣಗಿರುತ್ತೆ. ಇದುವರೆಗೂ ಯಾರಿಗೂ ನೆಗಡಿ ಆಗಿಲ್ಲ ಅಂತಾರೆ. ನಂಗೆ ಆಗಿತ್ತು."

ನಾನು ಹೇಳಬೇಕಿತ್ತು. ಹೇಳಲು ಬಾಯಿ ತೆರೆದರೆ, "ಕಾಫಿ ಕೊಡ್ಲಾ ಅಣ್ಣ?" ಎಂದು ಬಂತು. ಅಣ್ಣ! ಅಮ್ಮನನ್ನು ಹೊರಗೆ ಹಾಕಲು ಕೈ ಎತ್ತಿದವರಲ್ಲಿ ಇವನೂ ಒಬ್ಬ.

ಕುಡಿದು ಲೋಟ ಕೆಳಗಿಡುವಾಗ ಅವನು ಸದ್ದಾಗದಂತೆ ತನ್ನ ಟೊಪ್ಪಿಯ ಮೇಲೆ ಇಟ್ಟ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ಹೋದ ಮೇಲೆ ನನ್ನ ಮೇಲೆ ನನಗೇ ಕೋಪ ಬಂತು. ತಪ್ಪು ಬಾಗಿಲು ತಟ್ಟಿದ್ದೇನೆ. ದೂರು ಕೊಟ್ಟವಳು ಡೆಲ್ಫಾ. ಅವಳು ಈಗ ಸಭೆಗೆ ಬರುವುದಿಲ್ಲವಂತೆ, ಕೀಲುಬೇನೆಯಂತೆ. ಬರದಿದ್ದರೆ ನಾನೇ ಹೋಗುತ್ತೇನೆ.

ಮಾರ್ಚ್ 18, ಶನಿವಾರ

ಡೆಲ್ಫಾಳ ಮನೆ ಹಳ್ಳದ ಮೇಲ್ತುದಿಯಲ್ಲಿದೆ. ಬಾಗಿಲು ತಟ್ಟುವ ಮೊದಲೇ ಒಳಗಿಂದ ಕೂಗಿದಳು.

"ಲೋವೀನಾ ಮಗಳಲ್ವಾ? ಬೈಯೋಕೆ ಬಂದಿದೀಯ. ಬಾ, ಕೂತ್ಕೊಂಡು ಬೈ. ನಿಂತ್ಕೊಂಡು ಬೈದ್ರೆ ನಂಗೆ ಕತ್ತು ನೋಯುತ್ತೆ."

ನಾನು ಕೂರಲಿಲ್ಲ. ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದೆ. ಕೂದಲಿಗೂ ಆತ್ಮಕ್ಕೂ ಏನು ಸಂಬಂಧ? ವಿಧವೆಯೊಬ್ಬಳ ತಲೆಯ ಮೇಲೆ ಮತ ಹಾಕುವ ಅಧಿಕಾರ ನಿಮಗೆ ಕೊಟ್ಟವರು ಯಾರು? ಅವಳು ಕೇಳುತ್ತಲೇ ಇದ್ದಳು. ಕೇಳುತ್ತ ಕೇಳುತ್ತ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು, ಬಿಳಿ, ಕುರ್ಚಿಯಿಂದ ನೆಲಕ್ಕೆ ಇಳಿದಿತ್ತು. ಕೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಹಿಂಬದಿ ಪೂರ್ತಿ ಗಂಟು ಕಟ್ಟಿ ಕಂಬಳಿಯಾಗಿತ್ತು.

"ಮುಗೀತಾ?"

"ಇನ್ನೂ ಆರು ಪ್ರಶ್ನೆ ಇದೆ."

"ಓದು. ಹೌದು, ದೂರು ಕೊಟ್ಟಿದ್ದು ನಾನೇ. ಅದೇ ಸಭೆಯ ರೂಢಿ. ಇವತ್ತಾದ್ರೂ ಕೊಡ್ತೀನಿ. ಆರೋಗ್ಯ ಇಲಾಖೆ ನರ್ಸಮ್ಮ ಬಂದು, ಅಜ್ಜಿ, ಕತ್ತರಿಸ್ಬಿಡ್ತೀನಿ, ಹೇನಾಗುತ್ತೆ ಅಂತಾಳೆ. ನಾಡಿದ್ದು ಕತ್ತರಿ ತರ್ತಾಳಂತೆ. ತರ್ಲಿ. ಅವಳ ಬೆರಳು ಕಚ್ತೀನಿ."

ಬಾಚಣಿಗೆ ಅವಳ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು, ಆಗಲಿಲ್ಲ. ಮತ್ತೆ ಬಗ್ಗಿದಳು. ಅವಳ ಆ ಹೆಣಗಾಟ ನೋಡಲಾರದೆ, ಬರೀ ಕಿರಿಕಿರಿಗೆ, ನಾನೇ ಎತ್ತಿಕೊಂಡೆ. ಕಿರಿಕಿರಿಗೇ ಒಂದು ಗಂಟು ಬಿಡಿಸಿದೆ. ಬುಡ ಹಿಡಿದು ತುದಿಯಿಂದ ಬಿಡಿಸಬೇಕು, ಇಲ್ಲದಿದ್ದರೆ ನೋಯುತ್ತದೆ.

"ಯಾರು ಕಲಿಸಿದ್ದು?"

"ಯಾರೂ ಇಲ್ಲ."

"ಲೋವೀನಾ ಹೀಗೇ ಬಾಚೋಳು."

ನಾನು ಬಾಚಣಿಗೆ ಬಿಸಾಡಿ ಬರಬೇಕಿತ್ತು. ಕತ್ತಲಾಗುವವರೆಗೆ ಬಿಡಿಸಿದೆ. ಅರ್ಧವೂ ಆಗಲಿಲ್ಲ. ಉಳಿದ ಪ್ರಶ್ನೆಗಳನ್ನು ಓದಲು ಮರೆತೆ.

ಮಾರ್ಚ್ 19

ಇವತ್ತೂ ಹೋಗಿ ಉಳಿದರ್ಧ ಬಿಡಿಸಿದೆ. ನರ್ಸ್ ನಾಳೆ ಬರುತ್ತಾಳೆ. ನಾನು ಕೂದಲು ಕತ್ತರಿಸುವ ಹಕ್ಕಿಗಾಗಿ ಹೋರಾಡುವವಳು. ಹಾಗಾದರೆ ಕತ್ತರಿಸದಿರುವ ಹಕ್ಕು? ಇದರ ಬಗ್ಗೆ ಯಾವ ಕರಪತ್ರದಲ್ಲೂ ಇಲ್ಲ. ತಲೆ ಕೆಟ್ಟಿದೆ.

ಏಪ್ರಿಲ್ 8, ಶನಿವಾರ

ತಿಂಗಳ ಸಭೆ. ಹೇಳಿಯೇಬಿಟ್ಟೆ.

ಹಾರ್ಲೆಸ್ ನಾಳೆಯ ದೀಕ್ಷಾಸ್ನಾನದ ಮಾತು ಎತ್ತಿದಾಗ ಎದ್ದು ನಿಂತೆ. "ನಾನು ಸೇರೋಕೆ ಬಂದಿರಲಿಲ್ಲ. ಬೈಯೋಕೆ ಬಂದಿದ್ದೆ. ನೀವು ತಪ್ಪು ತಿಳ್ಕೊಂಡ್ರಿ."

ಒಲೆಯಲ್ಲಿ ಕಲ್ಲಿದ್ದಲು ಸಿಡಿದದ್ದು ಕೇಳಿಸಿತು. ಎಲ್ಜಿ ಎಂಬ ಮುದುಕ, ಹಾಡಿನ ಸಾಲು ಹೇಳಿಕೊಡುವವನು, ಕಿಸಕ್ಕನೆ ನಕ್ಕ. "ನಾನು ಕುಡಿದು ಜಗಳ ಆಡೋಕೆ ಬಂದಿದ್ದೆ. ನಲವತ್ತು ವರ್ಷ ಆಯ್ತು, ಇನ್ನೂ ಮನೆಗೆ ಹೋಗಿಲ್ಲ."

"ನಗೋ ವಿಷಯ ಅಲ್ಲ!"

"ಅಲ್ಲ ತಂಗಿ," ಹಾರ್ಲೆಸ್ ಹೇಳಿದ. "ಆದ್ರೆ ನೀನು ಯಾಕೆ ಎದ್ದು ಬಂದೆ ಅನ್ನೋದು ನಿಂಗೆ ಪೂರ್ತಿ ಗೊತ್ತು ಅನ್ಕೊಂಡಿದೀಯ. ನಂಗೆ ಅಷ್ಟು ಖಾತ್ರಿ ಇಲ್ಲ."

ನಾನು ನನ್ನ ಬೇಡಿಕೆ ಇಟ್ಟೆ. ಅಮ್ಮನನ್ನು ಮರಳಿ ಸೇರಿಸಿಕೊಳ್ಳಿ. ಅವರು ಮುಖ ಮುಖ ನೋಡಿಕೊಂಡರು. ಸತ್ತವರನ್ನು ಸೇರಿಸಿಕೊಳ್ಳುವುದಿಲ್ಲವಂತೆ. ಬದುಕಿದ್ದವರು ತಾವೇ ಬಂದು ಕೇಳಬೇಕಂತೆ. ಸತ್ತ ಮೇಲೆ ವಿಷಯ ದೇವರ ಕೈಯಲ್ಲಿ, ಇವರಿಗೆ ಅಧಿಕಾರವಿಲ್ಲವಂತೆ.

"ಹೊರಗೆ ಹಾಕೋಕೆ ಅಧಿಕಾರ ಇತ್ತು!" ಎಂದು ಕೂಗಿದೆ.

ಹಾರ್ಲೆಸ್ ನೆಲ ನೋಡಿದ. ಕೊನೆಗೆ ನನ್ನ ವಿಷಯವನ್ನು ಮುಂದಿನ ಸಭೆಯವರೆಗೆ ಹಾಗೇ ಇಡೋಣ ಎಂದು ತೀರ್ಮಾನಿಸಿದರು. ಎಲ್ಲರೂ ಕೈ ಎತ್ತಿದರು. ಎದ್ದು ಹೋಗುವಾಗ ಹಾರ್ಲೆಸ್ ಬಾಗಿಲವರೆಗೆ ಬಂದ. "ಅವಸರ ಇಲ್ಲ ತಂಗಿ. ಹಳ್ಳದ ನೀರು ಓಡ್ತಾನೇ ಇರುತ್ತೆ, ಹಳ್ಳ ಮಾತ್ರ ಎಲ್ಲೂ ಹೋಗಲ್ಲ."

ಹೇಡಿಗಳು. ಇನ್ನು ಆ ಕಡೆ ತಲೆ ಹಾಕುವುದಿಲ್ಲ.

ಏಪ್ರಿಲ್ 9

ಹೋಗಲಿಲ್ಲ. ಇಡೀ ದಿನ ಹಾಡು ಕೇಳಿಸಿತು. ಸಭೆಯ ಮನೆ ಒಂದು ಮೈಲಿ ದೂರ, ಕೇಳಿಸುವುದು ಸಾಧ್ಯವೇ ಇಲ್ಲ.

ಏಪ್ರಿಲ್ 22, ಶನಿವಾರ

ಕರಪತ್ರದ ಎರಡನೆಯ ಭಾಗ ಮುಂದುವರಿಯುತ್ತಿಲ್ಲ. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬರುವಾಗ ಮೂರು ಗಂಟೆ. ಅದರ ಮೇಲೆ ಮಂಗಳವಾರ ಮತ್ತು ಶನಿವಾರ ಡೆಲ್ಫಾಳ ತಲೆ; ಗಂಟಿಲ್ಲದ್ದು ನೋಡಿ ನರ್ಸ್ ಕತ್ತರಿ ವಾಪಸ್ ಒಯ್ದಿದ್ದಾಳೆ. ಅವಳು ಸುಮ್ಮನಿರುವುದಿಲ್ಲ. ಪಕ್ಕದ ಕಣಿವೆಯ ಐಸಿಗೆ ಕಣ್ಣು ಕಾಣುವುದಿಲ್ಲ, ಮಗ ಡೆಟ್ರಾಯಿಟ್‌ನಿಂದ ಬರೆದ ಕಾಗದಗಳು ಒಡೆಯದೆ ಬಿದ್ದಿವೆ, ಹೋಗಿ ಓದು ಎಂದಳು. ಹೋದೆ. ಮಗನ ಕಾಗದದಲ್ಲಿ ಏನೂ ಇಲ್ಲ, ಹವೆ ಚೆನ್ನಾಗಿದೆ, ಕಾರು ಕೆಟ್ಟಿದೆ. ಐಸಿ ಮತ್ತೆ ಮತ್ತೆ ಓದಿಸಿದಳು. ಅವಳು ಮಾಡಿದ ಬೀನ್ಸ್ ಸಾರಿಗೆ ಉಪ್ಪೇ ಇರಲಿಲ್ಲ, ಆದರೂ ತಿಂದೆ.

ಅಲ್ಲಿಂದ ಬರುವಾಗ ದಾರಿಯಲ್ಲಿ ವೆಸ್ಟರ್ ಎಂಬವನು ತಡೆದ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. "ನೀನಂತೆ, ನೋವಾಗದ ಹಾಗೆ ತಲೆ ಬಾಚೋಳು?" ಅವನು ಸಭೆಯಿಂದ ಹೊರಗೆ ಹಾಕಿಸಿಕೊಂಡವನು, ಕೋಳಿ ಅಂಕದ ಪ್ರಕರಣ. ಅವನ ಮನೆಗೂ ಯಾರೂ ಹೋಗುವುದಿಲ್ಲ. ಗುರುವಾರ ಬರುತ್ತೇನೆ ಎಂದುಬಿಟ್ಟೆ.

ಇವೆಲ್ಲ ಅಡ್ಡಿಗಳು. ಮನುಷ್ಯನಿಗೆ ಒಂದು ಕರೆ ಇರಬೇಕು, ಅದಕ್ಕೆ ಬದುಕನ್ನು ಕೊಡಬೇಕು. ನನ್ನ ಕರೆ ಯಾವುದೆಂದು ಕೂತು ಯೋಚಿಸಲು ನನಗೆ ಒಂದು ಸಂಜೆಯೂ ಸಿಗುತ್ತಿಲ್ಲ.

ಇದನ್ನು ಡೆಲ್ಫಾಳಿಗೆ ಹೇಳಿದೆ. "ಕರೆ ಬಂದ್ರೂ ನೀನೆಲ್ಲಿ ಸಿಗ್ತೀಯಮ್ಮ," ಎಂದಳು, "ಮನೇಲಂತೂ ಇರಲ್ಲ." ಹಲ್ಲಿಲ್ಲದ ಬಾಯಲ್ಲಿ ಅಷ್ಟು ಹೊತ್ತು ನಕ್ಕಳು.

ಮೇ 6, ಶನಿವಾರ

ನಾಚಿಕೆಯ ವಿಷಯ. ಇಲ್ಲಿ ಮಾತ್ರ ಬರೆಯುತ್ತೇನೆ.

ಚಿಕ್ಕವಳಿದ್ದಾಗ ನಾನು ಗೋಡೆಯ ಹತ್ತಿರ ಮಾತಾಡುತ್ತಿದ್ದೆ. ತುಟಿ ಅಲುಗಿಸಿ, ಸದ್ದಿಲ್ಲದೆ. ಪತ್ರಿಕೆಯ ಆ ಬದಿಯಲ್ಲಿ ಯಾರೋ ಇದ್ದಾರೆ, ಅವರೂ ಸದ್ದು ಮಾಡುವಂತಿಲ್ಲ, ಅದಕ್ಕೇ ಉತ್ತರ ಕೊಡುವುದಿಲ್ಲ ಎಂದುಕೊಂಡಿದ್ದೆ. ಇವತ್ತು ಸ್ಕೂಲಲ್ಲಿ ಹೀಗಾಯಿತು, ಇವತ್ತು ಹಿಮ ಬಿತ್ತು, ಇವತ್ತು ಅಮ್ಮನ ಮುಖ ಸರಿಯಾಗಿ ನೆನಪಾಗಲಿಲ್ಲ. ಎಲ್ಲ ಹೇಳುತ್ತಿದ್ದೆ. ಹನ್ನೆರಡನೆಯ ವಯಸ್ಸಿನಲ್ಲಿ ಮೂಢನಂಬಿಕೆಯ ಮೇಲೊಂದು ಕರಪತ್ರ ಓದಿ ನಿಲ್ಲಿಸಿದೆ.

ಮೊನ್ನೆ ಗುರುವಾರ ವೆಸ್ಟರನ ಹೆಂಡತಿಯ ತಲೆ ಬಾಚುತ್ತಿದ್ದೆ. ಅವಳಿಗೆ ಮಾತಿಲ್ಲ, ಪಾರ್ಶ್ವವಾಯು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ತುಟಿ ಅಲುಗುತ್ತಿರುವುದು ಗೊತ್ತಾಯಿತು. ಎಷ್ಟು ಹೊತ್ತಿನಿಂದಲೋ. ಇವಳಿಗೆ ನೋವು ಕಡಿಮೆ ಮಾಡು, ಐಸಿಯ ಮಗನಿಗೆ ಸರಿಯಾಗಿ ಬರೆಯುವ ಬುದ್ಧಿ ಕೊಡು, ಡೆಲ್ಫಾಳ ಬಾಯಿಗೆ ಬೀಗ ಹಾಕು.

ಯಾರಿಗೆ ಹೇಳುತ್ತಿದ್ದೆ?

ಅದಕ್ಕಿಂತ ದೊಡ್ಡ ಗೊಂದಲ: ಹೇಳಿದ್ದನ್ನು ಕೇಳಿಸಿಕೊಂಡಂತೆ ಅನಿಸಿತು. ಧ್ವನಿಯಿಲ್ಲ, ಬೆಳಕಿಲ್ಲ. ಗೋಡೆಯ ಆ ಬದಿಯಲ್ಲಿದ್ದವನು ಎದ್ದು ಹೋಗಿರಲಿಲ್ಲ ಎಂಬಂತೆ, ಅಷ್ಟೇ. ಆಗಿನವನೂ ಇವನೂ ಒಬ್ಬನೇ ಇರಬಹುದೆ? ಅವರು ಪೀಠದಿಂದ ಕೂಗಿ ಕರೆಯುವ ಕರ್ತನೇ ನನ್ನ ಗೋಡೆಯ ಹಿಂದೆ ಸುಮ್ಮನೆ ಕೂತಿದ್ದವನೆ? ಅಥವಾ ಒಬ್ಬಳೇ ಬೆಳೆದವಳಿಗೆ ನಾಲ್ಕು ಜನ ಅಪ್ಪಿಕೊಂಡದ್ದಕ್ಕೆ ತಲೆ ತಿರುಗಿದೆಯೆ? ನನಗೆ ಬೇಕಾಗಿರುವುದು ದೇವರೋ, ಅವರ ಊಟದ ಬೆಂಚಿನಲ್ಲಿ ಒಂದು ಜಾಗವೋ?

ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ಮೇ 7, ಭಾನುವಾರ

ಚಿಕ್ಕಪ್ಪನಿಗೆ ಇವತ್ತು ರಜೆ. ಮಜ್ಜಿಗೆಯಲ್ಲಿ ಜೋಳದ ರೊಟ್ಟಿ ಪುಡಿ ಮಾಡಿಕೊಂಡು ತಿನ್ನುತ್ತಿದ್ದ. ನಾನು ಸುಮ್ಮನೆ ಬೈದೆ, ಗಾಳಿಗೆ. ಅಮ್ಮ ಸತ್ತಾಗ ಆ ಸಭೆಯವರು ಒಬ್ಬರೂ ಈ ಮನೆ ಹೊಸ್ತಿಲು ತುಳಿಯಲಿಲ್ಲ ಎಂದೆ.

"ತುಳಿದ್ರು," ಎಂದ.

"ಯಾವಾಗ?"

"ಬಂದಿದ್ರು. ಡೆಲ್ಫಾನೂ ಇನ್ನಿಬ್ರೂ. ಹೆಣ ತೊಳೆದು ಬಟ್ಟೆ ಉಡಿಸಿದ್ದು ಅವ್ರೇ. ಆಮೇಲೆ ಪ್ರತಿ ತಿಂಗಳು ಬರೋರು, ಮಗೂನ ಭಾನುವಾರ ಕಳಿಸು ಬರ್ಲ್, ನಾವು ನೋಡ್ಕೋತೀವಿ ಅಂತ. ಬಂದೂಕು ತೋರಿಸಿ ಓಡಿಸ್ದೆ." ಇನ್ನೊಂದು ಚಮಚ ಬಾಯಿಗಿಟ್ಟ. "ಲೋವೀನಾನ ಬೇಡ ಅಂದೋರಿಗೆ ಅವಳ ಮಗಳು ಯಾಕೆ?"

"ನನ್ನನ್ನ ಕೇಳ್ಲಿಲ್ಲ."

"ನಿಂಗೆ ಏಳು ವರ್ಷ ಕಣೇ ಮಿಂಟಿ."

"ನಂಗೆ ಮಾತಾಡೋಕೆ ಯಾರೂ ಇರಲಿಲ್ಲ ಚಿಕ್ಕಪ್ಪ."

ಅವನು ಚಮಚ ನೆಕ್ಕಿ ಬಟ್ಟೆಯ ಮೇಲೆ ಇಟ್ಟ. ಅವನಿಗೂ ಅದೇ ಅಭ್ಯಾಸ ಆಗಿದೆ ಎಂದು ಇವತ್ತೇ ಗಮನಿಸಿದೆ.

"ನಂಗೂ ಇರಲಿಲ್ಲ," ಎಂದ.

ಯಾರ ಮೇಲೆ ಸಿಟ್ಟಾಗಬೇಕು? ಅನ್ಯಾಯ ಆಗಿದೆ, ಅದು ನಿಜ, ಅದರಲ್ಲಿ ಗೊಂದಲವಿಲ್ಲ. ಆದರೆ ಮಾಡಿದವರನ್ನು ಸಾಲಾಗಿ ನಿಲ್ಲಿಸಲು ಹೋದರೆ ಒಬ್ಬರೂ ಒಂದೇ ಜಾಗದಲ್ಲಿ ನಿಲ್ಲುತ್ತಿಲ್ಲ.

ಮೇ 9, ಮಂಗಳವಾರ

ಡೆಲ್ಫಾಳನ್ನು ಕೇಳಿದೆ. ಹೆಣ ತೊಳೆದದ್ದು ಯಾಕೆ ಹೇಳಲಿಲ್ಲ?

"ಹೇಳೋದೇನು ಅದ್ರಲ್ಲಿ? ಸತ್ತೋರನ್ನ ತೊಳೆಯೋದು ಬೇಡ್ವಾ?"

"ಅವಳ ಮೇಲೆ ದೂರು ಕೊಟ್ಟು, ಆಮೇಲೆ ತೊಳೆಯೋದು! ದೊಡ್ಡಮ್ಮ, ನಿಮಗೆ ಒಂದಾದ್ರೂ ದಿನ ಪಶ್ಚಾತ್ತಾಪ ಆಗ್ಲಿಲ್ವಾ?"

ನಾನು ಕೂದಲನ್ನು ಮೂರು ಭಾಗ ಮಾಡಿ ಹೆಣೆಯುತ್ತಿದ್ದೆ.

"ದೂರಿಗೆ ಇಲ್ಲ," ಎಂದಳು. "ಆ ಕೂದಲು ಯಾಕೆ ಕತ್ತರಿಸ್ಕೊಂಡೆ ಅಂತ ಕೇಳಲಿಲ್ವಲ್ಲ, ಅದಕ್ಕಿದೆ. ಸಭೇಲಿ ಕೇಳಿದ್ವಿ, ಹೌದು. ಮನೆಗೆ ಹೋಗಿ ಕೂತು ಕೇಳಲಿಲ್ಲ."

ಆಮೇಲೆ, "ಎಳೀಬೇಡ್ವೇ! ಕುದುರೆ ಬಾಲ ಅನ್ಕೊಂಡಿದೀಯಾ?" ಎಂದು ಗದರಿದಳು.

ನಾನು ಅವಳನ್ನು ದೊಡ್ಡಮ್ಮ ಎಂದು ಕರೆದದ್ದು ಈಗ ಬರೆಯುವಾಗ ಗೊತ್ತಾಯಿತು.

ಮೇ 14

ಹೋಗಿದ್ದೆ. ಕೊನೆಯ ಬೆಂಚು. ಎಲ್ಜಿ ಅಜ್ಜ ಸಾಲು ಹೇಳಿದಾಗ ನಾನೂ ಹಾಡಿದೆ. ನನ್ನ ಧ್ವನಿ ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ.

ನನ್ನ ವಿಷಯ ಮತ್ತೆ ಮುಂದಿನ ತಿಂಗಳಿಗೆ.

ಮೇ 30, ಮಂಗಳವಾರ

ಬೆಟ್ಟದ ಮೇಲಿನ ಎಲ್ಲ ಮನೆಯವರೂ ಸಮಾಧಿಗಳ ಹುಲ್ಲು ಕೆತ್ತಿ ಸ್ವಚ್ಛ ಮಾಡಿ ಹೂ ಇಡುವ ದಿನ. ಮನೆಯ ಹಿಂದಿನ ನಮ್ಮ ದಿಬ್ಬದಲ್ಲಿ ಅಮ್ಮನ ಕಲ್ಲಿನ ಸುತ್ತ ಕಳೆ ಕಿತ್ತೆ. ಅಪ್ಪನದರ ಸುತ್ತಲೂ. ಕೆಳಗಿನ ರಸ್ತೆಯಲ್ಲಿ ಹಾರ್ಲೆಸ್ ಅಣ್ಣ ಮರದ ದಿಮ್ಮಿಗಳ ಲಾರಿ ನಿಲ್ಲಿಸಿ ಹತ್ತಿ ಬಂದ. ಟೊಪ್ಪಿ ತೆಗೆದು ನಿಂತ.

"ನಿಮ್ಮಮ್ಮನ ಬೋಧನೆ ಆಗಲೇ ಇಲ್ಲ, ಅಲ್ವಾ?"

"ಹೊರಗೆ ಹಾಕಿದೋರಿಗೆ ಮಾಡಲ್ಲ ಅಂತ ನೀವೇ ತಡೆದ್ರಿ."

"ಯಾರು ತಡೆದ್ರು?" ನಿಜವಾಗಿಯೂ ಅಚ್ಚರಿಗೊಂಡ. "ಬೋಧನೆ ಬೇಕು ಅಂತ ಮನೆಯೋರು ಬಂದು ಕೇಳ್ಬೇಕು ತಂಗಿ. ದಿನ ಅವ್ರೇ ಗೊತ್ತು ಮಾಡ್ಬೇಕು. ಯಾರೂ ಕೇಳ್ಲಿಲ್ಲ. ನಾವು ಬಂದ್ರೆ ಬರ್ಲ್ ಬಂದೂಕು ತೆಗೀತಿದ್ದ."

"ಹೊರಗೆ ಹಾಕಿದೋಳಿಗೂ ಮಾಡ್ತೀರಾ?"

ಅವನು ಟೊಪ್ಪಿಯ ಅಂಚು ತಿರುಗಿಸಿದ. "ಒಂದಿಬ್ರು ಒಪ್ಪಲ್ಲ. ಸಭೇಲಿ ಗಲಾಟೆ ಆಗುತ್ತೆ. ನಾನು ಮಾತು ಕೊಡೋಕಾಗಲ್ಲ. ಕೇಳಿ ನೋಡು."

ಕೇಳುವುದು. ನಾನು ಇಷ್ಟು ದಿನ ಆಗ್ರಹಿಸಿದ್ದೇನೆ, ಖಂಡಿಸಿದ್ದೇನೆ, ಒತ್ತಾಯಿಸಿದ್ದೇನೆ. ಈ ಕ್ರಿಯಾಪದಗಳೆಲ್ಲ ಕರಪತ್ರದಲ್ಲಿ ಸಿಗುತ್ತವೆ. ಕೇಳುವುದು ಹೇಗೆ ಎಂದು ಇವತ್ತು ಸಂಜೆಯಿಂದ ಯೋಚಿಸುತ್ತಿದ್ದೇನೆ. ಅವರು ಇಲ್ಲ ಅಂದರೆ?

ಜೂನ್ 10, ಶನಿವಾರ

ಸಭೆ. ಡೆಲ್ಫಾ ದೊಡ್ಡಮ್ಮನನ್ನು ವೆಸ್ಟರ್ ತನ್ನ ಟ್ರಕ್ಕಿನಲ್ಲಿ, ಕುರ್ಚಿ ಸಮೇತ, ಹಗ್ಗ ಕಟ್ಟಿ ಕರೆತಂದ. ಅವನು ಒಳಗೆ ಬರಲಿಲ್ಲ, ಟ್ರಕ್ಕಿಗೆ ಒರಗಿ ನಿಂತ. ದೊಡ್ಡಮ್ಮನ ಜಡೆಯನ್ನು ನಿನ್ನೆ ಹೆಣೆದು ಕಿರೀಟದಂತೆ ಸುತ್ತಿದ್ದೆ. ಎಲ್ಲ ಹೆಂಗಸರೂ ನೋಡಿದರು.

ನಾನು ಎದ್ದು ನಿಂತೆ. ಕಾಗದ ತಂದಿರಲಿಲ್ಲ.

"ನನ್ನ ಅಮ್ಮ ಲೋವೀನಾ. ಅವಳ ಬೋಧನೆ ಆಗಿಲ್ಲ. ನಮ್ಮ ದಿಬ್ಬದಲ್ಲಿ ಈ ಬೇಸಿಗೇಲಿ ಆಗ್ಬೇಕು ಅಂತ ನಂಗೆ ಆಸೆ. ದಯವಿಟ್ಟು ಬನ್ನಿ." ಅಷ್ಟೇ. ಕೂತುಬಿಟ್ಟೆ.

ಒಬ್ಬ ಬೋಧಕ, ಬಸ್ಸಿನ ಚಾಲಕ ಗಾರ್ಫೀಲ್ಡ್, ಆಗದು ಎಂದ. ಸಭೆ ಹೊರಗೆ ಹಾಕಿದವಳ ಬೋಧನೆಯನ್ನು ಸಭೆಯೇ ಮಾಡಿದರೆ ಹೊರಗೆ ಹಾಕಿದ್ದಕ್ಕೆ ಏನು ಅರ್ಥ? ಸರಿಯಾದ ಪ್ರಶ್ನೆಯೇ. ಇಬ್ಬರು ಅವನ ಕಡೆ ತಲೆಯಾಡಿಸಿದರು.

ಆಗ ಕುರ್ಚಿಯಿಂದ ಧ್ವನಿ ಬಂತು. "ಗಾರ್ಫೀಲ್ಡ್, ದೂರು ಯಾರದ್ದು?"

"ನಿಮ್ಮದು ದೊಡ್ಡಮ್ಮ."

"ಹೂಂ. ನಾನು ಅದನ್ನ ವಾಪಸ್ ತಗೋತಿಲ್ಲ. ಸಭೆ ಮಾಡಿದ್ದು ಮಾಡಿದೆ. ಆದ್ರೆ ನಮ್ಮಪ್ಪ ಕುದುರೆ ಕಳ್ಳ, ಅವನ ಬೋಧನೆಗೆ ಮೂರು ಬೆಂಚು ಮುರೀತು, ಅಷ್ಟು ಜನ. ನಿಮ್ಮಜ್ಜನ ವಿಷಯ ನಾನು ಎತ್ತಲ್ಲ."

"ಬೇಡಿ ದೊಡ್ಡಮ್ಮ."

"ನಂಗೆ ಇನ್ನೆಷ್ಟು ಬೇಸಿಗೆ ಇದೆಯೋ. ಲೋವೀನಾನ ಹೆಸರು ಒಂದ್ಸಲ ಗಟ್ಟಿಯಾಗಿ ಕೇಳಿ ಸಾಯ್ತೀನಿ. ನೀನು ಬೋಧಿಸ್ದಿದ್ರೆ ಬಿಡು, ಬಸ್ಸು ಓಡ್ಸು."

ನಕ್ಕರು. ಗಾರ್ಫೀಲ್ಡ್ ಕೂಡ, ಕೆಂಪಾಗಿ. ಹಾರ್ಲೆಸ್ ಅಣ್ಣ ಸಭೆಯನ್ನು ಕೇಳಿದ. ಕೈಗಳು ಎದ್ದವು. ಎಲ್ಲವೂ ಅಲ್ಲ. ಗಾರ್ಫೀಲ್ಡ್ ಎತ್ತಲಿಲ್ಲ, ಆದರೆ ವಿರೋಧಿಸಲೂ ಇಲ್ಲ. ಅದು ಸಾಕಂತೆ.

ಇದು ನಾನು ಕೇಳಿದ ನ್ಯಾಯವಲ್ಲ. ಅಮ್ಮ ಇನ್ನೂ ಹೊರಗಿನವಳೇ. ಹಾಗಾದರೆ ನನಗೆ ಯಾಕೆ ಇಷ್ಟು ಹಗುರ?

ಕೊನೆಗೆ ಹಾರ್ಲೆಸ್ ಅಣ್ಣ, "ಇನ್ನು ನಿನ್ನ ವಿಷಯ ಉಳೀತು ತಂಗಿ. ಎರಡು ತಿಂಗಳಿಂದ ಮುಂದೆ ತಳ್ತಾ ಬಂದಿದೀವಿ" ಎಂದ. ಭರವಸೆ ಇದೆಯೇ ಎಂದು ಮತ್ತೆ ಕೇಳಿದ.

"ಅರ್ಧ ಇದೆ," ಎಂದೆ. "ಅರ್ಧ ಗೊತ್ತಿಲ್ಲ. ಆದ್ರೆ ನಾನು ಮಾತಾಡ್ತೀನಿ, ಅವನು ಕೇಳಿಸ್ಕೋತಾನೆ. ಚಿಕ್ಕೋಳಿದ್ದಾಗಿಂದ ಕೇಳಿಸ್ಕೊಂಡಿದಾನೆ ಅನ್ಸುತ್ತೆ."

ಎಲ್ಜಿ ಅಜ್ಜ ಮೂಗು ಸೀಟಿಕೊಂಡ. "ಅರ್ಧ ಇದ್ರೆ ನನಗಿಂತ ಜಾಸ್ತಿ ಆಯ್ತು."

ಜೂನ್ 11, ಭಾನುವಾರ

ಹಳ್ಳಕ್ಕೆ ಇಳಿಸಿದರು. ನೀರು ಎದೆಮಟ್ಟ. ಮುಳುಗಿ ಎದ್ದಾಗ ಏನೂ ಕಾಣಲಿಲ್ಲ, ಕಣ್ಣಲ್ಲಿ ಮರಳಿತ್ತು. ಮೂಗಿನಿಂದ ನೀರು ಸೋರುತ್ತಿತ್ತು. ದಡದಲ್ಲಿ ಹಾಡುತ್ತಿದ್ದರು.

ಚಳಿ. ಸಂತೋಷ. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಜೂನ್ 13, ಮಂಗಳವಾರ

ನೆಗಡಿ. ಸೀನುತ್ತಲೇ ದೊಡ್ಡಮ್ಮನ ತಲೆ, ಆಮೇಲೆ ಐಸಿಗೆ ಕಾಗದ. ಮಗ ಈ ಸಲ ಒಂದು ಸಾಲು ಹೆಚ್ಚು ಬರೆದಿದ್ದಾನೆ. ಬರುವಾಗ ಇನ್ನೊಂದು ಮನೆಯವರು ಕರೆದರು, ಬಾಣಂತಿ, ಮೊದಲ ಮಗು, ತಾಯಿಯಿಲ್ಲದವಳು. ಕರಪತ್ರದ ಎರಡನೆಯ ಭಾಗವನ್ನು ಅವಳ ಒಲೆ ಹೊತ್ತಿಸಲು ಬಳಸಿದೆ, ಕೈಗೆ ಬೇರೇನೂ ಸಿಗಲಿಲ್ಲ.

ಜೂನ್ 18, ಭಾನುವಾರ

ಚಿಕ್ಕಪ್ಪನಿಗೆ ಹೇಳುವುದು ಬಾಕಿ ಇತ್ತು. ದಿಬ್ಬ ಅವನದು. ಅವನು ಬೇಡ ಅಂದರೆ ಎಲ್ಲ ಮುಗಿಯಿತು.

ಅವನು ಎದ್ದು ಕಾಫಿ ಕುಡಿಯುವವರೆಗೆ ಕಾದೆ. ಹೇಳಿದೆ. ಅವನು ಕಿಟಕಿಯಿಂದ ದಿಬ್ಬ ನೋಡಿದ.

"ಡೆಲ್ಫಾನೂ ಬರ್ತಾಳಾ?"

"ಕುರ್ಚಿ ಸಮೇತ."

"ಹಾರ್ಲೆಸ್?"

"ಅವನೇ ಬೋಧಿಸೋದು. ಎಲ್ಜಿ ಅಜ್ಜ ಹಾಡು. ವೆಸ್ಟರ್ ಬೆಂಚು ಹೊರ್ತಾನೆ. ಐಸಿ ಒಣಸೇಬಿನ ಕೇಕ್ ಮಾಡ್ತಾಳಂತೆ, ಉಪ್ಪು ಹಾಕದ ಹಾಗೆ ನೋಡ್ಕೋಬೇಕು, ಅವಳಿಗೆ ಸಕ್ಕರೆ ಡಬ್ಬ ಗುರ್ತು ಸಿಗಲ್ಲ." ಒಂದೇ ಉಸಿರಿಗೆ ಹೇಳುತ್ತಿದ್ದೆ. "ನೀನು ಬೇಡ ಅಂದ್ರೆ ಬೇಡ ಚಿಕ್ಕಪ್ಪ. ನಿನ್ನನ್ನ ಕೇಳ್ತಿದೀನಿ."

ಅವನು ಮತ್ತೆ ದಿಬ್ಬದ ಕಡೆ ತಿರುಗಿದ. ನನ್ನ ಬದುಕಿನಲ್ಲಿ ಈ ಮನೆಯ ಮೌನಗಳನ್ನೆಲ್ಲ ನಾನು ಬಲ್ಲೆ, ಇದೊಂದು ಯಾವ ಬಗೆಯದೋ ಗೊತ್ತಾಗಲಿಲ್ಲ.

"ಅಲ್ಲಿ ನೆರಳಿಲ್ಲ," ಎಂದ ಕೊನೆಗೆ. "ಬೋಧಕರಿಗೆ ಒಂದು ಚಪ್ಪರ ಹಾಕ್ಬೇಕು. ಹಲಗೆ ಗಣಿಯಿಂದ ಕೇಳಿ ತರ್ತೀನಿ. ಎಷ್ಟು ಹೊತ್ತಿಗೆ?"

"ಬೆಳಿಗ್ಗೆ."

"ನಾನು ಕೆಲಸದಿಂದ ಬರೋದೇ ಎಂಟಕ್ಕೆ. ಮುಖ ತೊಳೀಬೇಡ್ವಾ? ಶರ್ಟು ಹಾಕ್ಬೇಡ್ವಾ?" ಸಿಟ್ಟಾದವನಂತೆ ಎದ್ದು ಒಲೆಯ ಹತ್ತಿರ ಹೋದ, ಕಾಫಿ ಪಾತ್ರೆಯನ್ನು ಠಣ್ ಎಂದು ಇಟ್ಟ. "ಒಂಬತ್ತೂವರೆ ಅಂತ ಹೇಳು ಅವ್ರಿಗೆ. ಅದಕ್ಕಿಂತ ಮುಂಚೆ ಶುರು ಮಾಡ್ಬಾರ್ದು, ನಾನು ಬರೋವರೆಗೆ."

ಓಡಿಕೊಂಡೇ ಹೋಗಿ ಹಾರ್ಲೆಸ್ ಅಣ್ಣನಿಗೆ ಹೇಳಿ ಬಂದೆ. ಮುಂದಿನ ಸಭೆಯಲ್ಲಿ ಅವನು ಎದ್ದು ಸಾರುವುದನ್ನು ಇಲ್ಲಿ ಮೊದಲೇ ಬರೆದಿಡುತ್ತೇನೆ, ಬಾಯಲ್ಲಿ ಹೇಳಿ ನೋಡಿದೆ, ಚೆನ್ನಾಗಿದೆ: ಲೋವೀನಾಳ ಬೋಧನೆ, ಬರ್ಲ್‌ನ ಮನೆಯ ಹಿಂದಿನ ದಿಬ್ಬದ ಮೇಲೆ, ಆಗಸ್ಟ್ ತಿಂಗಳ ಮೂರನೆಯ ಭಾನುವಾರ, ಇಪ್ಪತ್ತನೆಯ ತಾರೀಖು, ಬೆಳಿಗ್ಗೆ ಒಂಬತ್ತೂವರೆಗೆ.